ಮಗುವಿನ ಬಗ್ಗೆ ಅನುಮಾನ ಬಂದಾಗ: ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಮಾಡಬೇಕಾದ ಕೆಲಸ

ಕಣ್ಣಿಗೆ ಮೊದಲು ಬೀಳುವುದು ಸಣ್ಣಪುಟ್ಟ ಸಂಗತಿಗಳೇ. ಸೋಮವಾರ ಬಂತೆಂದರೆ ತಪ್ಪುವ ಹಾಜರಿ, ಬಿಸಿಯೂಟದಲ್ಲಿ ಮೂರು ಸಲ ಅನ್ನ ಹಾಕಿಸಿಕೊಳ್ಳುವ ಹುಡುಗ, ಶಾಲೆ ಬಿಟ್ಟ ಮೇಲೂ ಗೇಟಿನ ಬಳಿಯೇ ಸುಳಿದಾಡುವ ಹುಡುಗಿ, ಎರಡು ತಿಂಗಳಿಂದ ತೂಕ ಏರದ ಕೂಸು. ಇವು ಯಾವುವೂ ದೌರ್ಜನ್ಯಕ್ಕೆ ಪುರಾವೆಯಲ್ಲ. ಹಾಗಂತ ತಳ್ಳಿಹಾಕುವಂತೆಯೂ ಇಲ್ಲ.

ಮೊದಲ ಕೆಲಸ, ಎದುರಿಗಿರುವುದು ಯಾವ ಬಗೆಯ ಪ್ರಕರಣ ಎಂದು ತೀರ್ಮಾನಿಸುವುದು. ಮೂರು ಬಗೆ ಇವೆ. ಮಗು ಇವತ್ತು ಮನೆಗೆ ಹೋದರೆ ಅಪಾಯ ಎನ್ನುವಂಥದ್ದು ಒಂದು. ತಕ್ಷಣದ ಅಪಾಯ ಕಾಣದಿದ್ದರೂ ಕಾನೂನಿನ ಪ್ರಕಾರ ತಿಳಿಸಲೇಬೇಕಾದದ್ದು ಇನ್ನೊಂದು; ಲೈಂಗಿಕ ದೌರ್ಜನ್ಯ, ನಿಶ್ಚಯವಾದ ಬಾಲ್ಯವಿವಾಹ ಇದರಲ್ಲಿ ಬರುತ್ತವೆ. ಮೂರನೆಯದು ಕಷ್ಟಕ್ಕೆ ಸಿಕ್ಕ ಮನೆ: ತಂದೆ ತೀರಿಕೊಂಡಿದ್ದಾನೆ, ತಾಯಿ ಕೂಲಿಗೆ ಹೋಗುತ್ತಾಳೆ, ಹತ್ತು ವರ್ಷದ ಮಗಳು ತಮ್ಮನನ್ನು ನೋಡಿಕೊಳ್ಳಲು ಶಾಲೆ ತಪ್ಪಿಸುತ್ತಾಳೆ. ಕ್ಷೇತ್ರದಲ್ಲಿ ಆಗುವ ದೊಡ್ಡ ತಪ್ಪುಗಳೆಲ್ಲ ಇವನ್ನು ಅದಲುಬದಲು ಮಾಡಿಕೊಳ್ಳುವುದರಿಂದಲೇ ಆಗುತ್ತವೆ. ಬಡತನವನ್ನು ನಿರ್ಲಕ್ಷ್ಯ ಎಂದು ಬರೆದರೆ ಮಗು ಬಾಲಮಂದಿರ ಸೇರುತ್ತದೆ, ತಾಯಿ ಮತ್ತೆಂದೂ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ. ಅಪಾಯವನ್ನು ‘ಮನೆ ವಿಷಯ’ ಎಂದು ಬಿಟ್ಟರೆ ಮಗು ಅದೇ ಮನೆಯಲ್ಲಿ ಅದೇ ಮನುಷ್ಯನ ಜೊತೆ ಉಳಿಯುತ್ತದೆ.

ಮೈಮೇಲಿನ ಗುರುತು

ಓಡಾಡುವ ಮಕ್ಕಳಿಗೆ ಮೊಣಕಾಲು, ಮೊಣಕೈ, ಹಣೆಗೆ ಪೆಟ್ಟಾಗುವುದು ಸಹಜ. ಕಿವಿ, ಕತ್ತು, ಕೆನ್ನೆ, ಬೆನ್ನು, ಕುಂಡಿ, ತೊಡೆಯ ಒಳಭಾಗದಲ್ಲಿ ಗುರುತಿದ್ದರೆ ನಿಂತು ಯೋಚಿಸಬೇಕು. ಇನ್ನೂ ಅಂಬೆಗಾಲಿಡದ ಕೂಸಿನ ಮೈಯಲ್ಲಿ ಎಲ್ಲಿ ನೀಲಿಗಟ್ಟಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ. ಬೆಲ್ಟಿನ ಪಟ್ಟೆ, ವೈರಿನ ಕುಣಿಕೆಯ ಆಕಾರ, ಬೀಡಿ ಚುಚ್ಚಿದಂಥ ದುಂಡು ಸುಟ್ಟಗಾಯ, ಕಾಲುಚೀಲ ತೊಟ್ಟಂತೆ ಒಂದೇ ಗೆರೆಗೆ ನಿಂತ ಬಿಸಿನೀರಿನ ಗಾಯ ಆಕಸ್ಮಿಕವಾಗಿ ಆಗುವುದು ತೀರಾ ಅಪರೂಪ.

ಎರಡು ಎಚ್ಚರಿಕೆ. ಹಸುಗೂಸುಗಳ ಸೊಂಟದ ಕೆಳಗೆ ಹುಟ್ಟಿನಿಂದಲೇ ಇರುವ ಬೂದುನೀಲಿ ಮಚ್ಚೆ ಪೆಟ್ಟಿನ ಗುರುತಲ್ಲ. ಪೆಟ್ಟಿನ ಬಣ್ಣ ದಿನಗಳಲ್ಲಿ ಬದಲಾಗುತ್ತದೆ, ಮಚ್ಚೆಯದ್ದು ಬದಲಾಗುವುದಿಲ್ಲ. ಇನ್ನೊಂದು, ಕಾಮಾಲೆಗೋ ಫಿಟ್ಸಿಗೋ ಮದ್ದೆಂದು ಕೂಸಿನ ಹೊಟ್ಟೆಗೆ, ಕೈಗೆ ಬರೆ ಹಾಕಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಅದು ಮಗುವಿಗೆ ಹಿಂಸೆಯೇ. ಆದರೆ ಹಾಕಿಸಿದ ಅಜ್ಜಿ ಮೊಮ್ಮಗು ಬದುಕಲಿ ಎಂದೇ ಹಾಕಿಸಿರುತ್ತಾಳೆ. ಗದರಿದರೆ ಮುಂದಿನ ಕೂಸಿನ ಬರೆಯನ್ನು ಬಟ್ಟೆಯಡಿ ಮುಚ್ಚಿಡುತ್ತಾರೆ. ಮೊದಲು ಮಗುವನ್ನು ಆಸ್ಪತ್ರೆಗೆ ಸೇರಿಸಿ. ಕಾಮಾಲೆಗೆ ಆಸ್ಪತ್ರೆಯ ಚಿಕಿತ್ಸೆ ಕೆಲಸ ಮಾಡಿದ್ದನ್ನು ಆ ಮನೆಯವರು ಕಣ್ಣಾರೆ ನೋಡಲಿ. ಬರೆ ಹಾಕುವವನ ಹೆಸರು ವೈದ್ಯಾಧಿಕಾರಿಗೂ ಪೊಲೀಸರಿಗೂ ಹೋಗಲಿ.

ಮಗು ಬಾಯಿ ಬಿಟ್ಟಾಗ

ಮಗು ಹೇಳಲು ನಿಮ್ಮನ್ನು ಆರಿಸಿಕೊಂಡಿದೆ ಎಂದರೆ ಆಗಲೇ ಕೇಳಿಸಿಕೊಳ್ಳಬೇಕು. ‘ನಾಳೆ ಬಾ’ ಎಂದರೆ ಅದು ಬರುವುದಿಲ್ಲ. ನಾಲ್ಕು ಜನರಿಗೆ ಕಾಣುವ, ಆದರೆ ಕೇಳಿಸದ ಜಾಗದಲ್ಲಿ ಕೂರಿ. ಕಾರಿಡಾರಿನ ತುದಿಯ ಬೆಂಚು ಸಾಕು. ಬಾಗಿಲು ಹಾಕಿಕೊಳ್ಳಬೇಡಿ.

“ಮಿಸ್, ಒಂದು ಹೇಳ್ತೀನಿ, ಯಾರಿಗೂ ಹೇಳ್ಬಾರ್ದು.”

“ನಿಂಗೆ ಸಹಾಯ ಮಾಡೋರಿಗೆ ಹೇಳ್ಬೇಕಾದ್ರೆ ಹೇಳ್ತೀನಿ ಪುಟ್ಟಾ. ಕ್ಲಾಸಲ್ಲಿ ಯಾರಿಗೂ ಹೇಳಲ್ಲ.”

“ಮಾಮ ಕೆಟ್ಟದ್ದು ಮಾಡ್ತಾರೆ.”

“ಏನು ಮಾಡ್ತಾರೆ, ನಿಂಗೆ ಹೆಂಗೆ ಬರುತ್ತೋ ಹಂಗೆ ಹೇಳು.”

ಆಮೇಲೆ ನೀವು ಆಡಬೇಕಾದ ಮಾತು ‘ಹ್ಞೂಂ’, ‘ಆಮೇಲೆ?’ ಅಷ್ಟೇ. “ಅಲ್ಲಿ ಮುಟ್ಟಿದ್ರಾ?” ಎಂದು ನೀವೇ ಕೇಳಿ ಮಗು ತಲೆಯಾಡಿಸಿದರೆ, ಮುಂದೆ ಪಾಟೀಸವಾಲಿನಲ್ಲಿ ‘ಟೀಚರೇ ಹೇಳಿಕೊಟ್ಟಿದ್ದು’ ಎಂಬ ವಾದಕ್ಕೆ ಅದೇ ದಾರಿ. “ಮೊದಲೇ ಯಾಕೆ ಹೇಳ್ಲಿಲ್ಲ?” ಎಂಬ ಪ್ರಶ್ನೆಯಂತೂ ಬೇಡವೇ ಬೇಡ. ಮಗುವಿನ ಕಿವಿಗೆ ಅದು ಬೈಗುಳದಂತೆ ಕೇಳುತ್ತದೆ.

ನಿಮಗೆ ಬೇಕಾದದ್ದು ನಾಲ್ಕೇ ಸಂಗತಿ: ಏನಾಯಿತು, ಯಾರು, ಕೊನೆಯ ಸಲ ಯಾವಾಗ, ಇವತ್ತು ಮನೆಗೆ ಹೋದರೆ ಆ ಮನುಷ್ಯ ಅಲ್ಲಿರುತ್ತಾನಾ. ‘ಯಾರು’ ಎಂಬುದನ್ನು ಖಚಿತ ಮಾಡಿಕೊಳ್ಳಿ. ನಮ್ಮ ಮಕ್ಕಳಿಗೆ ಅಮ್ಮನ ತಮ್ಮನೂ ಮಾಮ, ಪಕ್ಕದ ಮನೆಯವನೂ ಮಾಮ, ಆಟೊ ಓಡಿಸುವವನೂ ಮಾಮ. “ಯಾವ ಮಾಮ, ಎಲ್ಲಿರ್ತಾರೆ?” ಎಂದು ಕೇಳದೆ ವರದಿ ಬರೆದು ಸೋದರಮಾವನನ್ನು ಠಾಣೆಗೆ ಎಳೆಸಿದರೆ ಆ ಮನೆ ಮತ್ತೆ ಕೂಡುವುದಿಲ್ಲ. ನಾಲ್ಕೂ ಸಿಕ್ಕ ಮೇಲೆ ನಿಲ್ಲಿಸಿ. ವಿವರವಾದ ಹೇಳಿಕೆ ಪಡೆಯುವುದು ಪೊಲೀಸರ, ಮ್ಯಾಜಿಸ್ಟ್ರೇಟರ ಕೆಲಸ. ಮಗು ಅದನ್ನು ಹೇಗೂ ಮತ್ತೆ ಹೇಳಬೇಕು. ನಿಮ್ಮ ಪಾಲಿಗೆ ಇನ್ನೊಂದು ಸುತ್ತು ಸೇರಿಸಬೇಡಿ.

ಬರೆದಿಡುವುದು

ಕೇಳಿದ ಅರ್ಧ ಗಂಟೆಯೊಳಗೆ ಬರೆಯಿರಿ, ಮಗುವಿನ ಮಾತನ್ನು ಮಗುವಿನ ಮಾತಿನಲ್ಲೇ. ನಾಚಿಕೊಂಡು ‘ಅನುಚಿತ ವರ್ತನೆ’ ಎಂದು ತಿದ್ದಿದರೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಉಪಯೋಗಕ್ಕೆ ಬರುವ ಟಿಪ್ಪಣಿ ಹೀಗಿರುತ್ತದೆ:

“ಬುಧವಾರ ಮಧ್ಯಾಹ್ನ 1.20, ಊಟದ ನಂತರ, ಕಾರಿಡಾರಿನ ಬೆಂಚು. ಮಗು ತಾನಾಗಿ ಬಂದು ಹೇಳಿದ್ದು: ‘ಆಟೊ ಮಾಮ ಕೊನೇಲಿ ನನ್ನೊಬ್ಬಳನ್ನೇ ಇಳಿಸ್ತಾರೆ, ಲಂಗದೊಳಗೆ ಕೈ ಹಾಕ್ತಾರೆ.’ ನಾನು ಕೇಳಿದ್ದು: ‘ಆಮೇಲೆ?’, ‘ಕೊನೆ ಸಲ ಯಾವಾಗ?’ ಉತ್ತರ: ‘ನಿನ್ನೆ.’ ಬಲ ತೋಳಿನ ಒಳಬದಿಯಲ್ಲಿ ಸುಮಾರು 2 ಸೆಂ.ಮೀ. ನೀಲಿ ಗುರುತು. 1.50ಕ್ಕೆ ಮಕ್ಕಳ ಸಹಾಯವಾಣಿ 1098ಕ್ಕೆ, 2.05ಕ್ಕೆ ಠಾಣೆಗೆ ಕರೆ.” ಕೆಳಗೆ ಸಹಿ.

ಊಹೆ ಬರೆಯಬೇಡಿ. ಮೊಬೈಲಿನಲ್ಲಿ ಮಗುವಿನ ಮೈ ಫೋಟೊ ತೆಗೆಯಬೇಡಿ, ಮಾತು ರೆಕಾರ್ಡ್ ಮಾಡಬೇಡಿ. ಗಾಯ ದಾಖಲಿಸುವುದು ವೈದ್ಯರ ಕೆಲಸ. ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗಂತೂ ಒಂದಕ್ಷರವೂ ಹೋಗಬಾರದು. ಮಗುವಿನ ಹೆಸರು, ಶಾಲೆ, ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ ಕಲಂ 74ರಡಿ ಅಪರಾಧ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲೂ ಇದಕ್ಕೆ ನಿಷೇಧವಿದೆ.

ಲೈಂಗಿಕ ದೌರ್ಜನ್ಯ: ಮೊದಲ 24 ಗಂಟೆ

2012ರ ಪೋಕ್ಸೊ ಕಾಯ್ದೆಯ ಕಲಂ 19ರ ಪ್ರಕಾರ, ವಿಷಯ ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಖ್ಯ ಶಿಕ್ಷಕರಿಗೆ ಹೇಳಿ ಕೈತೊಳೆದುಕೊಂಡರೆ ಮುಗಿಯಲಿಲ್ಲ. 1098ಕ್ಕೆ ಕರೆ ಮಾಡುವುದು ಒಳ್ಳೆಯದೇ, ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ನೆರವಿಗೆ ಬರುತ್ತಾರೆ. ಆದರೂ ಠಾಣೆಗೆ ಬೇರೆಯಾಗಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಿಳಿಸದಿದ್ದರೆ ಕಲಂ 21ರಡಿ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಕೈಕೆಳಗಿನ ನೌಕರನ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು ಮತ್ತು ದಂಡ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ‘ಸಾಬೀತಾಗಲಿ, ಆಮೇಲೆ ನೋಡೋಣ’ ಎಂದು ಕಾಯುವ ಹೊಣೆ ನಿಮ್ಮದಲ್ಲ.

‘ಇದು ನಮ್ಮ ಸರಹದ್ದಲ್ಲ’ ಎಂದು ಠಾಣೆಯವರು ವಾಪಸು ಕಳಿಸುವಂತಿಲ್ಲ. ಎಲ್ಲಿ ನಡೆದಿದ್ದರೂ ದೂರು ದಾಖಲಿಸಿಕೊಂಡು ವರ್ಗಾಯಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಪಡೆಯಬೇಕು. ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ. ನಿಯಮ ಕಾಗದದಲ್ಲಿದ್ದ ಮಾತ್ರಕ್ಕೆ ನಡೆಯುವುದಿಲ್ಲ. ಪಕ್ಕದಲ್ಲಿ ನಿಂತು ನೆನಪಿಸುವವರು ಬೇಕು, ಆ ಕೆಲಸ ನಿಮ್ಮದು.

ಆಸ್ಪತ್ರೆಗೆ ಎಫ್‌ಐಆರ್ ಆಗುವವರೆಗೆ ಕಾಯಬೇಕಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಇಲ್ಲಿ ಗಡಿಯಾರ ಓಡುತ್ತಿರುತ್ತದೆ: ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಋತುಮತಿಯಾದ ಹುಡುಗಿಗೆ ತುರ್ತು ಗರ್ಭನಿರೋಧಕ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, 5 ದಿನ ದಾಟಬಾರದು. ಹೊರಡುವ ಮೊದಲು ಮಗುವಿಗೆ ಸ್ನಾನ ಮಾಡಿಸಬೇಡಿ. ತಾಯಂದಿರು ಮೊದಲು ಮಾಡುವುದೇ ಅದು, ಕೊಳೆ ಕಳೆಯಲಿ ಎಂಬ ಸಂಕಟದಲ್ಲಿ. ಆ ದಿನ ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಕಟ್ಟಿಕೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ, ಸಾಕ್ಷ್ಯ ಹಾಳಾಗುತ್ತದೆ. ಬಾಲಕಿಯನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಿರಬೇಕು, ಮಗು ನಂಬುವ ಒಬ್ಬರು ಜೊತೆಗಿರಬೇಕು. ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಕೂಡದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ.

ಆರೋಪಿ ಅದೇ ಮನೆಯವನಾಗಿದ್ದರೆ ಪೊಲೀಸರು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಮನೆಯಲ್ಲಿರಬೇಕೋ ಬೇಡವೋ ಎಂಬುದನ್ನು ಸಮಿತಿ 3 ದಿನದೊಳಗೆ ನಿರ್ಧರಿಸುತ್ತದೆ. ಎರಡನ್ನು ಅಲ್ಲೇ ಕೇಳಿ ಪಡೆಯಿರಿ: ಪ್ರಕರಣ ಮುಗಿಯುವವರೆಗೆ ಜೊತೆಗಿರುವ ಒಬ್ಬ ಬೆಂಬಲ ವ್ಯಕ್ತಿ, ಮತ್ತು 2020ರ ಪೋಕ್ಸೊ ನಿಯಮಗಳಲ್ಲಿರುವ ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣದ ನೆರವು. ಕೇಳದಿದ್ದರೆ ಇವೆರಡೂ ಫೈಲಿನಲ್ಲೇ ಉಳಿಯುತ್ತವೆ. ಕೋರ್ಟಿನ ಪ್ರತಿ ದಿನಾಂಕಕ್ಕೂ ಕೂಲಿ ಬಿಟ್ಟು ಬಸ್ ಹತ್ತಿ ಬರುವ ತಾಯಿ ಮೂರನೇ ಸಲಕ್ಕೆ ‘ಸಾಕು, ರಾಜಿ ಮಾಡ್ಕೊಳ್ತೀವಿ’ ಎನ್ನುವುದು ಮನಸ್ಸಿಲ್ಲದೆ ಅಲ್ಲ, ಕೈಯಲ್ಲಿ ಕಾಸಿಲ್ಲದೆ.

ಊರ ಹಿರಿಯರ ಪಂಚಾಯ್ತಿ ಬಗ್ಗೆಯೂ ಹೇಳಬೇಕು. ಒಂದಿಷ್ಟು ತಪ್ಪುಕಾಣಿಕೆ ಕಟ್ಟಿಸಿ ಕೈ ಮುಗಿಸುವುದು, ಇಲ್ಲವೇ ಹುಡುಗಿಯನ್ನು ಅವನಿಗೇ ಕಟ್ಟಿಬಿಡುವುದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಅಂಥ ಕಡೆ ಕರೆದರೆ ಹೋಗಬೇಡಿ. ನೀವು ಅಲ್ಲಿ ಕೂತಿದ್ದೇ ಒಪ್ಪಿಗೆಯಾಗಿ ಲೆಕ್ಕಕ್ಕೆ ಹೋಗುತ್ತದೆ. ಆರೋಪಿಯನ್ನೂ ಮಗುವನ್ನೂ ಎದುರುಬದುರು ನಿಲ್ಲಿಸಿ ಶಾಲೆಯಲ್ಲೇ ‘ವಿಚಾರಣೆ’ ನಡೆಸುವುದೂ ಇದೇ ಜಾತಿಯ ತಪ್ಪು.

ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು. ಬಸುರಿಯ ವಯಸ್ಸು 16 ಎಂದು ಗೊತ್ತಿದ್ದೂ ತಾಯಿ ಕಾರ್ಡಿನಲ್ಲಿ 19 ಎಂದು ಬರೆದು ಆ ಮನೆಗೆ ಉಪಕಾರ ಮಾಡಿದೆ ಎಂದುಕೊಳ್ಳಬೇಡಿ. ಗಂಡಾಂತರದ ಗರ್ಭಿಣಿಯರ ಪಟ್ಟಿಗೆ ಅವಳ ಹೆಸರು ಸೇರುವುದಿಲ್ಲ. ರಕ್ತಹೀನತೆಗೂ ರಕ್ತದೊತ್ತಡಕ್ಕೂ ಸಿಗಬೇಕಾದ ನಿಗಾ ತಪ್ಪಿಹೋಗುತ್ತದೆ. ಹುಡುಗಿಗೆ ಗರ್ಭ ಬೇಡವಾದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ. 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ವಿವರ ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದು ಗೊತ್ತಿಲ್ಲದೆ, ಹೆಸರು ಹೊರಬೀಳುತ್ತದೆಂಬ ಭಯಕ್ಕೆ ಹುಡುಗಿಯನ್ನು ನಕಲಿ ವೈದ್ಯನ ಬಳಿ ಕರೆದೊಯ್ಯುವವರಿದ್ದಾರೆ.

ಬಾಲ್ಯವಿವಾಹ

ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಕೇಂದ್ರದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದಾಗಿ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಪೊಲೀಸರು ದೂರಿಗೆ ಕಾಯದೆ ಕ್ರಮ ಕೈಗೊಳ್ಳಬಹುದು, ಶಿಕ್ಷೆ ಕನಿಷ್ಠ 1 ವರ್ಷ. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಮುಖ್ಯ ಶಿಕ್ಷಕರು ಸೇರಿದಂತೆ ಹಲವು ಹುದ್ದೆಗಳವರನ್ನು ರಾಜ್ಯದಲ್ಲಿ ನಿಷೇಧಾಧಿಕಾರಿಗಳೆಂದು ಗುರುತಿಸಲಾಗಿದೆ. ಎಷ್ಟೋ ಮುಖ್ಯ ಶಿಕ್ಷಕರಿಗೆ ತಾವೂ ಆ ಪಟ್ಟಿಯಲ್ಲಿರುವುದು ತಿಳಿದಿರುವುದಿಲ್ಲ.

ಸುಳಿವು ಸಿಗುವುದು ಮದುವೆಯ ದಿನವಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರ, ಬಳೆ ಶಾಸ್ತ್ರ, ಬಟ್ಟೆ ತರಲು ಪೇಟೆಗೆ ಹೋದದ್ದು, ಹುಡುಗಿ ಗೆಳತಿಯ ಕಿವಿಯಲ್ಲಿ ಉಸುರಿದ್ದು: ಆಗಲೇ ಹೆಜ್ಜೆ ಇಡಬೇಕು. ಚಪ್ಪರ ಹಾಕಿದ ಮೇಲೆ ತಡೆಯುವುದು ಕಷ್ಟ; ಸಾಲ ಮಾಡಿ ಅಡುಗೆಯವರಿಗೆ ಮುಂಗಡ ಕೊಟ್ಟಾಗಿರುತ್ತದೆ.

ಮೊದಲು ವಯಸ್ಸಿನ ದಾಖಲೆ. ಬಾಲನ್ಯಾಯ ಕಾಯ್ದೆಯ ಕಲಂ 94ರ ಕ್ರಮ ಹೀಗೆ: ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಮನೆಯವರು ತಿದ್ದಿಸಿದ ಆಧಾರ್ ತೋರಿಸಿದರೆ ಶಾಲಾ ದಾಖಲಾತಿ ಪುಸ್ತಕದ ನಕಲು ಮುಂದಿಡಿ.

ಮನೆಗೆ ಹೋದಾಗ ಕಾನೂನಿನಿಂದ ಶುರು ಮಾಡಬೇಡಿ. “ಗಂಡು ಚಲೋ ಸಿಕ್ಕೈತ್ರೀ ಅಕ್ಕೋರ, ವರ್ಷ ಹೆಚ್ಚುಕಮ್ಮಿ ಆದ್ರ ಏನಾಗತೈತಿ?” ಎನ್ನುವ ಅಜ್ಜಿಗೆ ಕಲಂ ಓದಿ ಹೇಳಿ ಪ್ರಯೋಜನವಿಲ್ಲ. ಯಾಕೆ ಅವಸರ ಎಂದು ಕೇಳಿ. ಅಕ್ಕನ ಮದುವೆಯ ಖರ್ಚಿನಲ್ಲೇ ಇವಳದ್ದೂ ಆಗಿಹೋಗಲಿ ಎಂದೋ, ಹುಡುಗಿ ಯಾರ ಜೊತೆಗೋ ಮಾತಾಡಿದಳೆಂದೋ, ಕಾಲೇಜಿಗೆ ಬಸ್ಸಿಲ್ಲವೆಂದೋ ಕಾರಣ ಹೊರಬರುತ್ತದೆ. ಬಸ್ಸಿಲ್ಲದಿದ್ದರೆ ಹಾಸ್ಟೆಲ್ ಸೀಟು ಉತ್ತರ. ಭಾಗ್ಯಲಕ್ಷ್ಮಿ ಬಾಂಡ್ ಇರುವ ಮನೆಯಾದರೆ, 18ರೊಳಗೆ ಮದುವೆಯಾದರೆ ಆ ಹಣ ಕೈತಪ್ಪುತ್ತದೆ ಎಂಬ ಒಂದು ಮಾತು ಹತ್ತು ಉಪದೇಶಕ್ಕಿಂತ ಹೆಚ್ಚು ನಾಟುತ್ತದೆ.

ಎಲ್ಲೆಡೆ ಎಡವುವುದು, ಮದುವೆ ಮಾಡುವುದಿಲ್ಲವೆಂದು ಬರೆಸಿಕೊಳ್ಳುವ ಮುಚ್ಚಳಿಕೆಯ ಹಂತದಲ್ಲಿ. ತಂದೆ ಸಹಿ ಹಾಕುತ್ತಾನೆ, ಅಧಿಕಾರಿಗಳು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ, ಮೂರನೇ ದಿನ ನಸುಕಿನಲ್ಲಿ ಗಡಿಯಾಚೆಯ ಗುಡಿಯಲ್ಲಿ ತಾಳಿ ಬೀಳುತ್ತದೆ. ಹಾಗಾಗಿ ಮುಚ್ಚಳಿಕೆ ಜೊತೆಗೆ ಬಾಲ್ಯವಿವಾಹ ನಿಷೇಧ ಕಾಯ್ದೆಯ ಕಲಂ 13ರಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ಪಡೆಯಿರಿ. ತಡೆಯಾಜ್ಞೆ ಮೀರಿ ಆದ ಮದುವೆಗೆ ಎಲ್ಲಿಯೂ ಬೆಲೆಯಿಲ್ಲ. ಮದುವೆಯ ಭಯವಿರುವ ಹುಡುಗಿ ಬಾಲನ್ಯಾಯ ಕಾಯ್ದೆಯಡಿ ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವೇ, ಆದ್ದರಿಂದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತನ್ನಿ. ಮುಂದಿನ ಒಂದು ತಿಂಗಳು ವಾರಕ್ಕೊಮ್ಮೆ ಅವಳು ನಿಮ್ಮ ಕಣ್ಣಿಗೆ ಬೀಳಬೇಕು. ‘ಅಜ್ಜಿ ಮನೆಗೆ ಹೋಗ್ಯಾಳ’ ಎಂಬ ಉತ್ತರ ಬಂದರೆ ಆ ಅಜ್ಜಿಯ ಊರಿನ ಅಂಗನವಾಡಿಗೆ ಅವತ್ತೇ ಫೋನ್ ಹೋಗಬೇಕು.

ಮನೆಯನ್ನು ನಿಲ್ಲಿಸುವುದು

ಇಲ್ಲಿ ಕೆಲಸ ನಿಧಾನ, ಹೆಸರು ಬರುವುದಿಲ್ಲ. ಆದರೂ ಹೆಚ್ಚು ಮಕ್ಕಳು ಉಳಿಯುವುದು ಇಲ್ಲೇ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂದು ಬಾಲನ್ಯಾಯ ಕಾಯ್ದೆಯ ಕಲಂ 3 ಹೇಳುತ್ತದೆ. ಹಾಗಿದ್ದೂ ‘ಹಾಸ್ಟೆಲ್‌ಗೆ ಹಾಕಿ, ಮಗು ಚೆನ್ನಾಗಿರುತ್ತೆ’ ಎಂಬ ಸಲಹೆ ನಮ್ಮ ಬಾಯಿಗೆ ಬಲು ಬೇಗ ಬರುತ್ತದೆ.

ಕೇಂದ್ರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗು ಮನೆಯಲ್ಲೇ ಇದ್ದು ಓದಲು ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಪರಿತ್ಯಕ್ತೆಯಾಗಿರುವ, ತಂದೆತಾಯಿಗೆ ಮಾರಣಾಂತಿಕ ಕಾಯಿಲೆಯಿರುವ, ಅನಾಥರಾಗಿ ಅಜ್ಜಿ-ಚಿಕ್ಕಪ್ಪನ ಆಶ್ರಯದಲ್ಲಿರುವ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ; ಮಂಜೂರು ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ಮಗು ಶಾಲೆಗೆ ಹೋಗುತ್ತಿರಬೇಕು, ಇಲ್ಲದಿದ್ದರೆ ಮರುಪರಿಶೀಲನೆಗೆ ಬರುತ್ತದೆ.

ಅರ್ಜಿಗಳು ವಾಪಸು ಬರುವುದು ಅರ್ಹತೆ ಇಲ್ಲದೆ ಅಲ್ಲ, ಕಾಗದ ಸರಿಯಿಲ್ಲದೆ. ತಂದೆಯ ಮರಣ ನೋಂದಣಿಯೇ ಆಗಿರುವುದಿಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, 1 ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಸಾವಿನ ಮನೆಗೆ ಹೋದವರು ತಿಥಿ ಮುಗಿದ ವಾರದಲ್ಲಿ ಇದನ್ನೊಂದು ನೆನಪಿಸಿದರೂ ಸಾಕು, ವರ್ಷಗಳ ಅಲೆದಾಟ ತಪ್ಪುತ್ತದೆ. ನಾಡಕಚೇರಿಯ ಆದಾಯ ಪತ್ರದಲ್ಲಿ ತೀರಿಹೋದ ಗಂಡನ ದುಡಿಮೆ ಹಾಗೇ ಉಳಿದಿರುತ್ತದೆ, ಹೊಸದಾಗಿ ಮಾಡಿಸಿ. ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಬೇರೆ: ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಮಗುವಿನ ಖಾತೆ ವ್ಯವಹಾರವಿಲ್ಲದೆ ನಿಂತಿದ್ದರೆ ಹಣ ಮಂಜೂರಾಗಿಯೂ ಬಂದು ಸೇರುವುದಿಲ್ಲ. ವಿಧವಾ ವೇತನದ ಅರ್ಜಿಯನ್ನೂ ಅದೇ ಓಡಾಟದಲ್ಲಿ ಹಾಕಿಸಿ. ಕೂಲಿ ಬಿಟ್ಟು ಎರಡು ಸಲ ನಾಡಕಚೇರಿಗೆ ಬರುವಷ್ಟು ಅನುಕೂಲ ಆ ತಾಯಿಗಿಲ್ಲ.

ಇನ್ನೊಂದು ನಿತ್ಯದ ಉದಾಹರಣೆ. 6 ತಿಂಗಳು ದಾಟಿದ, 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಿ ಸುಮಾರು 14 ದಿನ ಇರಬೇಕು ಎಂದರೆ ತಾಯಿ ಒಪ್ಪುವುದಿಲ್ಲ. ಅದನ್ನು ‘ತಾಯಿಯ ನಿರ್ಲಕ್ಷ್ಯ’ ಎಂದು ಬರೆದು ಮುಗಿಸುವ ಮುನ್ನ ಕೇಳಿ: ಮನೆಯಲ್ಲಿ ಉಳಿಯುವ ಇನ್ನಿಬ್ಬರಿಗೆ ಬೇಯಿಸುವವರು ಯಾರು? ಹಸು ಕರೆಯುವವರು ಯಾರು? ಅತ್ತೆಯನ್ನೋ ಓರಗಿತ್ತಿಯನ್ನೋ ಒಪ್ಪಿಸಿ, ದೊಡ್ಡ ಮಕ್ಕಳ ಊಟಕ್ಕೆ ಅಂಗನವಾಡಿ, ಶಾಲೆಯಲ್ಲಿ ಹೇಳಿಟ್ಟರೆ ಅದೇ ತಾಯಿ ಮರುದಿನ ಚೀಲ ಹಿಡಿದು ಹೊರಡುತ್ತಾಳೆ. ಅಷ್ಟೆಲ್ಲ ಮಾಡಿಕೊಟ್ಟ ಮೇಲೂ ಮಗು ಕರಗುತ್ತಾ ಹೋದರೆ ಆಗ ಸಮಿತಿಗೆ ತಿಳಿಸುವ ಮಾತು.

ಕುಡಿದು ಹೊಡೆಯುವ ಗಂಡನಿರುವ ಮನೆಗೆ ಹೋಗುವ ಹೊತ್ತು ಮುಖ್ಯ. ಅವನು ಇಲ್ಲದಾಗ, ತೂಕ ನೋಡುವ ಅಥವಾ ಲಸಿಕೆಯ ನೆಪದಲ್ಲಿ ಹೋಗಿ. ಅವನೆದುರು ಹೆಂಡತಿಯನ್ನು ‘ಹೊಡೀತಾರಾ?’ ಎಂದು ಕೇಳಿದರೆ ಆ ರಾತ್ರಿಯ ಏಟು ನಿಮ್ಮ ಲೆಕ್ಕಕ್ಕೆ. ಕರಪತ್ರ ಕೊಡಬೇಡಿ, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಎರಡನ್ನೂ ಬಾಯಿಪಾಠ ಮಾಡಿಸಿ. ಕರ್ನಾಟಕದಲ್ಲಿ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿ ಸಿಡಿಪಿಒ ಅವರೇ, ಘಟನಾ ವರದಿಯನ್ನು ಅವರ ಕಚೇರಿಯಲ್ಲೇ ತುಂಬಿಸಬಹುದು. ಹಿಂಸೆಗೊಳಗಾದ ಹೆಂಗಸರಿಗೆ ನೆರವು ಕೊಡುವ ಜಿಲ್ಲೆಯ ಸಖಿ ಕೇಂದ್ರದಲ್ಲಿ ತಾಯಿ-ಮಕ್ಕಳು ಕೆಲವು ದಿನ ತಂಗಲು ಅವಕಾಶವಿದೆ.

ಗುಳೆ ಹೊರಡುವ ಕುಟುಂಬಗಳಲ್ಲಿ ಇಷ್ಟೂ ಕೆಲಸ ಒಂದೇ ರಾತ್ರಿಯಲ್ಲಿ ಕೈಬಿಟ್ಟುಹೋಗುತ್ತದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕಾರ್ಯಕರ್ತೆಯರು ಇದನ್ನು ಪ್ರತಿ ವರ್ಷ ನೋಡುತ್ತಾರೆ. ಸುಗ್ಗಿ ಮುಗಿಯುವ ಹೊತ್ತಿಗೇ ಯಾರ್‍ಯಾರು ಹೊರಡುತ್ತಾರೆ, ಮೇಸ್ತ್ರಿ ಯಾರು, ಯಾವ ಊರಿನ ಕಟ್ಟಡ ಕೆಲಸಕ್ಕೆ, ಅವನ ಫೋನ್ ನಂಬರ್ ಏನು ಎಂದು ಬರೆದಿಟ್ಟುಕೊಳ್ಳಿ. ಮಗು ಅಜ್ಜಿಯ ಬಳಿ ಉಳಿಯುವುದಾದರೆ ಋತುಮಾನ ವಸತಿ ಶಾಲೆ ಹತ್ತಿರದಲ್ಲಿದೆಯೇ ವಿಚಾರಿಸಿ. ಜೊತೆಗೆ ಹೋಗುವುದಾದರೆ ತಾಯಿ ಕಾರ್ಡ್, ಲಸಿಕೆ ವಿವರ, ವರ್ಗಾವಣೆ ಪತ್ರ ಅವರ ಕೈಯಲ್ಲಿರಲಿ. ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ ಕಲಂ 5ರಲ್ಲಿ ಅದು ಸ್ಪಷ್ಟವಾಗಿದೆ. ನಿಗಾದಲ್ಲಿದ್ದ ಮಗುವಾದರೆ ಹೋದ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ನಿಮ್ಮ ಜಿಲ್ಲೆಯ ಘಟಕದ ಮೂಲಕ ಪತ್ರ ಕಳಿಸಿ, ವಾರದ ಮೇಲೆ ಫೋನ್ ಮಾಡಿ ಪತ್ರ ಮುಟ್ಟಿತೇ, ಯಾರಾದರೂ ಹೋಗಿ ನೋಡಿದರೇ ಎಂದು ಕೇಳಿ.